ಗಿವ್ ಅಪ್, ಪುಟ್ ಆಫ್, ಗೋ ಆಫ್: ಫ್ರೇಸಲ್ ವರ್ಬ್‌ಗಳನ್ನು ಬಾಯಿಪಾಠ ಮಾಡದೆ ಕಲಿಯುವುದು ಹೇಗೆ

ಇನ್ನೂರು ಫ್ರೇಸಲ್ ವರ್ಬ್‌ಗಳ ಪಟ್ಟಿ ಹಿಡಿದು, ಎಡಗಡೆ ಇಂಗ್ಲಿಷ್, ಬಲಗಡೆ ಅರ್ಥ ಅಂತ ಬಾಯಿಪಾಠ ಮಾಡುವುದು ದಂಡ. ಸರಕಾರಿ ಕೆಲಸದ ಪಿಎಸ್‌ಸಿ ಪರೀಕ್ಷೆಗೆ ಓದುವವರು ಹೆಚ್ಚಾಗಿ ಇದನ್ನೇ ಮಾಡುತ್ತಾರೆ. ಗೆಟ್ ಅಪ್, ಗೆಟ್ ಆನ್, ಗೆಟ್ ಓವರ್, ಗೆಟ್ ಥ್ರೂ, ಗೆಟ್ ಅವೇ ಅಂತ ಒಂದೇ ಕ್ರಿಯಾಪದಕ್ಕೆ ಹತ್ತು ಬಾಲ. ರಾತ್ರಿ ಎಲ್ಲವೂ ಬರುತ್ತದೆ, ಬೆಳಿಗ್ಗೆ ಯಾವ ಬಾಲ ಯಾವುದರದ್ದು ಅಂತ ಕಲಸುಮೇಲೋಗರ ಆಗಿರುತ್ತದೆ. ಕೇರಳ ಪಿಎಸ್‌ಸಿಯ ಇಂಗ್ಲಿಷ್ ಸಿಲೆಬಸ್‌ನಲ್ಲಿ ಫ್ರೇಸಲ್ ವರ್ಬ್ ಅಂತ ಬೇರೆಯೇ ಒಂದು ಸಾಲು ಇದೆ, ತಪ್ಪು ಉತ್ತರಕ್ಕೆ ಮೂರನೇ ಒಂದು ಮಾರ್ಕು ಕಡಿತ ಬೇರೆ. ನಾಲ್ಕು ಆಯ್ಕೆಗಳಲ್ಲಿ ಅಂದಾಜಿನಲ್ಲಿ ಗುಂಡು ಹೊಡೆದರೆ ಸರಾಸರಿಯಲ್ಲಿ ಲಾಭ ಏನೂ ಇಲ್ಲ.

ಇದನ್ನು ಬರೆಯುತ್ತಿರುವುದು ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡ ಮೀಡಿಯಂ ಶಾಲೆಗಳಲ್ಲಿ ಓದಿದವರಿಗಾಗಿ. ಮನೆಯಲ್ಲಿ ತುಳುವೋ ಹವ್ಯಕವೋ ಕೊಂಕಣಿಯೋ, ಶಾಲೆಯಲ್ಲಿ ಕನ್ನಡ, ಬಸ್ಸಿನಲ್ಲಿ ಮಲಯಾಳ. ಇಷ್ಟು ಭಾಷೆಗಳ ಮಧ್ಯೆ ಬೆಳೆದವರಿಗೆ ಇದು ನಿಜವಾಗಿ ಅಷ್ಟು ಕಷ್ಟ ಆಗಬಾರದು. ಯಾಕೆ ಅಂತ ಹೇಳುತ್ತೇನೆ.

ಫ್ರೇಸಲ್ ವರ್ಬ್‌ಗೆ ಉದ್ದುದ್ದ ವ್ಯಾಖ್ಯಾನ ಬೇಡ. ಒಂದು ಸಾದಾ ಕ್ರಿಯಾಪದ, ಅದರ ಹಿಂದೆ ಅಪ್, ಆಫ್, ಔಟ್, ಓವರ್ ಥರದ ಒಂದೋ ಎರಡೋ ಪುಟ್ಟ ಪದ. ಸೇರಿದಾಗ ಅರ್ಥ ಬೇರೆ. ಗಿವ್ ಅಂದರೆ ಕೊಡು, ಅಪ್ ಅಂದರೆ ಮೇಲೆ, ಆದರೆ ಗಿವ್ ಅಪ್ ಅಂದರೆ ಕೈಬಿಡುವುದು. ಹೊರಗಿನವರಿಗೆ ಇದು ತಲೆನೋವು ಅಂತ ಇಂಗ್ಲಿಷಿನವರಿಗೂ ಹಿಂದಿನಿಂದಲೇ ಗೊತ್ತಿತ್ತು. ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ನಿಘಂಟು ಹೊರತಂದಾಗ, ಅದರ ಮುನ್ನುಡಿಯಲ್ಲೇ, ಕ್ರಿಯಾಪದಕ್ಕೆ ಹೀಗೆ ಪುಟ್ಟ ಪದ ಅಂಟಿಸುವ ಪದ್ಧತಿಯಿಂದ ಪರದೇಶದವರಿಗೆ ದೊಡ್ಡ ಕಷ್ಟ ಎದುರಾಗುತ್ತದೆ ಅಂತ ಬರೆದಿದ್ದಾನೆ.

ನಮ್ಮಲ್ಲೂ ಇದೇ ಆಟ ಇದೆ

"ಅವನು ಕೈ ಕೊಟ್ಟ" ಅಂದರೆ ಯಾರೂ ಕೈ ಚಾಚಿದ್ದಲ್ಲ ಅಂತ ಪುಟ್ಟ ಮಕ್ಕಳಿಗೂ ಗೊತ್ತು. ಕೈಬಿಟ್ಟ, ಕೈಹಿಡಿದ, ಕೈಹಾಕಿದ, ಕೈಮಾಡಿದ, ಎಲ್ಲದರಲ್ಲೂ ಕೈ ಇದೆ, ಒಂದರ ಅರ್ಥ ಇನ್ನೊಂದಕ್ಕಿಲ್ಲ. ಯಾರೂ ಇದನ್ನು ಪಟ್ಟಿ ಮಾಡಿ ಕಲಿತಿಲ್ಲ.

ಇನ್ನೂ ಹತ್ತಿರದ ಸಂಗತಿ ಒಂದಿದೆ. ತಿನ್ನು ಬೇರೆ, ತಿಂದುಬಿಡು ಬೇರೆ. ಬರೆ ಬೇರೆ, ಬರೆದಿಡು ಬೇರೆ. ನೋಡು ಬೇರೆ, ನೋಡಿಕೋ ಬೇರೆ. ಒಣಗಿತು ಬೇರೆ, ಒಣಗಿಹೋಯಿತು ಬೇರೆ. ಹಿಂದೆ ಬಂದು ಸೇರಿದ ಬಿಡು, ಇಡು, ಕೊಳ್ಳು, ಹೋಗು ತಮ್ಮ ಸ್ವಂತ ಅರ್ಥ ಬಿಟ್ಟು ಮುಂದಿನ ಕ್ರಿಯಾಪದಕ್ಕೆ ಒಂದು ತಿರುವು ಕೊಡುತ್ತವೆ. ತಿಂದುಬಿಡು ಅಂದರೆ ಉಳಿಸದೆ ತಿನ್ನು. ಬರೆದಿಡು ಅಂದರೆ ಮರೆಯದಂತೆ ಬರೆ. ಇಂಗ್ಲಿಷಿನ ಅಪ್, ಡೌನ್, ಆಫ್, ಔಟ್ ಮಾಡುವ ಕೆಲಸವೂ ಸುಮಾರಾಗಿ ಇದೇ. ತಿಂದುಬಿಡು ಅನ್ನುವುದಕ್ಕೆ ಈಟ್ ಅಪ್, ಬರೆದಿಡು ಅನ್ನುವುದಕ್ಕೆ ರೈಟ್ ಡೌನ್, ನೋಡಿಕೋ ಅನ್ನುವುದಕ್ಕೆ ಲುಕ್ ಆಫ್ಟರ್, ಒಣಗಿಹೋಯಿತು ಅನ್ನುವುದಕ್ಕೆ ಡ್ರೈಡ್ ಅಪ್. ತೀರಿತು ಅಂದರೆ ಮುಗಿಯಿತು, ತೀರಿಕೊಂಡರು ಅಂದರೆ ಸತ್ತರು ಅನ್ನುವುದನ್ನು ಮರ್ಯಾದೆಯಿಂದ ಹೇಳಿದ್ದು. ಪಾಸ್ ಅವೇ ಕೂಡ ಅಷ್ಟೇ, ಸಾವಿನ ಮನೆಯಲ್ಲಿ ಡೈಡ್ ಅನ್ನಲು ನಾಲಿಗೆ ಹಿಂಜರಿದಾಗ ಬರುವ ಮಾತು.

ಹಾಗಂತ ಅಪ್ ಎಂದರೆ ಯಾವಾಗಲೂ ಬಿಡು ಅಂತ ಸೂತ್ರ ಮಾಡಿಕೊಂಡರೆ ಎಡವುತ್ತೀರಿ. ಒಂದಕ್ಕೊಂದು ಹೊಂದುವ ಕೋಷ್ಟಕ ಇಲ್ಲ. ನಾನು ಹೇಳುವುದು ಇಷ್ಟೇ: ನೆನಪಿಡಬೇಕಾದ್ದು ಮುಂದಿನ ಗೆಟ್, ಪುಟ್, ಟೇಕ್ ಅಲ್ಲ, ಹಿಂದಿನ ಬಾಲ. ಹೆಚ್ಚಾಗಿ ಎದುರಾಗುವ ಬಾಲಗಳು ಹತ್ತು ಹದಿನೈದು. ಅವುಗಳ ಮುಖ್ಯ ಅರ್ಥಗಳು ಕೈಗೆ ಸಿಕ್ಕರೆ ಹೊಸ ಜೋಡಿ ಎದುರಾದಾಗಲೂ ಅರ್ಧ ದಾರಿ ಊಹಿಸಬಹುದು.

ಬಾಲಗಳ ಪರಿಚಯ

ಅಪ್‌ನಿಂದ ಶುರು ಮಾಡೋಣ, ಅತಿ ಹೆಚ್ಚು ಕಾಣಿಸುವುದು ಅದೇ. ಮೇಲೆ ಎನ್ನುವ ಅರ್ಥ ಇದ್ದೇ ಇದೆ, ಸ್ಟ್ಯಾಂಡ್ ಅಪ್, ಗೆಟ್ ಅಪ್, ಗೋ ಅಪ್, ಇವನ್ನು ಹೇಳಿಕೊಡಬೇಕಾಗಿಲ್ಲ. ಎರಡನೆಯದು ಪೂರ್ತಿ ಮುಗಿಸುವುದು: ಡ್ರಿಂಕ್ ಅಪ್, ಯೂಸ್ ಅಪ್, ಕ್ಲೀನ್ ಅಪ್. ಮೂರನೆಯದು ಹೆಚ್ಚಾಗುವುದು: ಸ್ಪೀಡ್ ಅಪ್ ಅಂದರೆ ವೇಗ ಹೆಚ್ಚಿಸು, ಸ್ಪೀಕ್ ಅಪ್ ಅಂದರೆ ಜೋರಾಗಿ ಮಾತಾಡು, ಟರ್ನ್ ಅಪ್ ದ ವಾಲ್ಯೂಮ್ ಅಂದರೆ ಸೌಂಡ್ ಜಾಸ್ತಿ ಮಾಡು. ನಾಲ್ಕನೆಯದು ಎದುರಿಗೆ ಬರುವುದು: ಟರ್ನ್ ಅಪ್, ಶೋ ಅಪ್ ಅಂದರೆ ಬಂದು ತಲಪುವುದು, ಕಮ್ ಅಪ್ ಅಂದರೆ ವಿಷಯ ಎದ್ದು ಬರುವುದು, ಬ್ರಿಂಗ್ ಅಪ್ ಅಂದರೆ ನಾವಾಗಿ ಆ ವಿಷಯ ಎತ್ತುವುದು. "ಮದುವೆ ಮನೆಯಲ್ಲಿ ಜಾಗದ ತಕರಾರು ಎತ್ತಬೇಡಿ" ಅನ್ನುವುದಕ್ಕೆ "ಡೋಂಟ್ ಬ್ರಿಂಗ್ ಅಪ್ ದ ಲ್ಯಾಂಡ್ ಡಿಸ್ಪ್ಯೂಟ್." ಇಲ್ಲಿ ಬ್ರಿಂಗ್ ಅಪ್ ಮತ್ತು ಗ್ರೋ ಅಪ್ ನಡುವೆ ಗಲಿಬಿಲಿ ಆಗುತ್ತದೆ. ಮಕ್ಕಳನ್ನು ಸಾಕಿ ಬೆಳೆಸುವುದು ಬ್ರಿಂಗ್ ಅಪ್, ತಾನಾಗಿ ಬೆಳೆಯುವುದು ಗ್ರೋ ಅಪ್. "ಐ ಗ್ರೂ ಅಪ್ ಇನ್ ಪೆರ್ಲ" ಸರಿ. "ಮೈ ಗ್ರ್ಯಾಂಡ್‌ಮದರ್ ಬ್ರಾಟ್ ಮಿ ಅಪ್" ಸರಿ. ಅಜ್ಜಿ ನನ್ನನ್ನು ಗ್ರೂ ಅಪ್ ಮಾಡಿದರು ಅಂತ ಹೇಳಲಾಗದು.

ಡೌನ್ ಅಂದರೆ ಇಳಿಯುವುದು, ಕಡಿಮೆಯಾಗುವುದು, ನಿಂತುಹೋಗುವುದು. ಸ್ಲೋ ಡೌನ್, ಕಾಮ್ ಡೌನ್, ಶಟ್ ಡೌನ್, ಬ್ರೇಕ್ ಡೌನ್. ಬಸ್ಸು ಬ್ರೇಕ್‌ಡೌನ್ ಆಯಿತು ಅಂತ ನಾವು ದಿನಾ ಹೇಳುತ್ತೇವೆ, ಅದರ ಜೊತೆಗೆ ದುಃಖ ತಡೆಯಲಾರದೆ ಅತ್ತುಬಿಡುವುದು ಕೂಡ ಬ್ರೇಕ್ ಡೌನ್ ಅಂತ ಸೇರಿಸಿಕೊಳ್ಳಿ. ಒಂದು ಸಣ್ಣ ಜಾಗದಲ್ಲಿ ಜಾಗ್ರತೆ: ಕಟ್ ಡೌನ್ ಅಂದರೆ ಮರ ಕಡಿದು ಉರುಳಿಸುವುದು, ಕಟ್ ಡೌನ್ ಆನ್ ಅಂದರೆ ಕಡಿಮೆ ಮಾಡುವುದು. ಡಾಕ್ಟರು "ಕಟ್ ಡೌನ್ ಆನ್ ಶುಗರ್" ಅಂದರೆ ಸಕ್ಕರೆ ಕಮ್ಮಿ ಮಾಡಿ ಅಂತ. ಪೂರ್ತಿ ಬಿಡಿ ಅನ್ನುವುದಾದರೆ "ಗಿವ್ ಅಪ್" ಅನ್ನುತ್ತಿದ್ದರು.

ಔಟ್‌ಗೆ ಹೊರಗೆ ಎಂಬುದರ ಜೊತೆ ಮೂರು ಅರ್ಥ ಸಾಕು. ತಿಳಿದುಕೊಳ್ಳುವುದು: ಫೈಂಡ್ ಔಟ್, ವರ್ಕ್ ಔಟ್, ಫಿಗರ್ ಔಟ್. ಹಂಚುವುದು: ಗಿವ್ ಔಟ್, ಹ್ಯಾಂಡ್ ಔಟ್. ಇಲ್ಲದಾಗುವುದು: ರನ್ ಔಟ್, ಸೆಲ್ ಔಟ್, ಪುಟ್ ಔಟ್. ಬೆಂಕಿಯನ್ನು ಒಬ್ಬರು ನಂದಿಸಿದರೆ ಪುಟ್ ಔಟ್, ದೀಪ ತಾನಾಗಿ ಆರಿದರೆ ಗೋ ಔಟ್. ರನ್ ಔಟ್‌ನಲ್ಲಿ ಇನ್ನೊಂದು ಗಮನಿಸಿ. ಕನ್ನಡದಲ್ಲಿ "ಅಕ್ಕಿ ಮುಗಿಯಿತು" ಅಂದರೆ ಆಯಿತು. ಇಂಗ್ಲಿಷಿನಲ್ಲಿ ಅಕ್ಕಿಯನ್ನು ಮುಂದಿಟ್ಟರೆ "ದ ರೈಸ್ ಹ್ಯಾಸ್ ರನ್ ಔಟ್", ಮನೆಯವರನ್ನು ಮುಂದಿಟ್ಟರೆ "ವಿ ಹ್ಯಾವ್ ರನ್ ಔಟ್ ಆಫ್ ರೈಸ್." ಎರಡನೆಯದೇ ಹೆಚ್ಚು ಕೇಳಿಬರುವುದು, ಆ ಆಫ್ ಬಿಟ್ಟರೆ ವಾಕ್ಯ ಬೀಳುತ್ತದೆ. ಇದು ಆರಿಸುವ ಆಫ್ ಅಲ್ಲ, ಒಂದೇ ಎಫ್ ಇರುವ ಇನ್ನೊಂದು ಪದ. ಕನ್ನಡದಲ್ಲಿ ಬರೆದರೆ ಎರಡೂ ಒಂದೇ ಥರ ಕಾಣುತ್ತವೆ, ಇಂಗ್ಲಿಷಿನಲ್ಲಿ ಬರೆಯುವಾಗ ನೋಡಿಕೊಳ್ಳಿ.

ಓವರ್, ಅವೇ, ಬ್ಯಾಕ್, ಆನ್ ಸುಲಭ. ಹ್ಯಾಂಡ್ ಓವರ್, ಟೇಕ್ ಓವರ್ ಅಂದರೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ. ಗೆಟ್ ಓವರ್ ಅಂದರೆ ಜ್ವರವೋ ದುಃಖವೋ ದಾಟಿ ಸುಧಾರಿಸುವುದು. ಗೋ ಓವರ್ ಅಂದರೆ ಇನ್ನೊಮ್ಮೆ ಕಣ್ಣಾಡಿಸುವುದು. ಗಿವ್ ಬ್ಯಾಕ್, ಕಾಲ್ ಬ್ಯಾಕ್, ಥ್ರೋ ಅವೇ, ಇವಕ್ಕೆ ವಿವರಣೆ ಬೇಕಾಗಿಲ್ಲ. ಕ್ಯಾರಿ ಆನ್, ಗೋ ಆನ್, ಕೀಪ್ ಆನ್ ಮೂರೂ ಮುಂದುವರಿಸುವುದೇ.

ಆಫ್ ಒಂದಕ್ಕೆ ಮಾತ್ರ ಬೇರೆಯೇ ಜಾಗ ಬೇಕು

ಆಫ್‌ನ ಮೂಲ ಅರ್ಥ ಬೇರ್ಪಡುವುದು, ದೂರವಾಗುವುದು. ಶರ್ಟು ಮೈಯಿಂದ ಬೇರ್ಪಟ್ಟರೆ ಟೇಕ್ ಆಫ್, ವಿಮಾನ ನೆಲದಿಂದ ಬೇರ್ಪಟ್ಟರೂ ಟೇಕ್ ಆಫ್. ಮನೆಯಿಂದ ಹೊರಟರೆ ಸೆಟ್ ಆಫ್. ಬೀಳ್ಕೊಡಲು ಹೋದರೆ ಸೀ ಆಫ್. ಗಲ್ಫಿಗೆ ಹೋಗುವ ಅಣ್ಣನನ್ನು ಬಿಡಲು ಮಂಗಳೂರಿಗೋ ಕಣ್ಣೂರಿಗೋ ಹೋದ ಯಾವುದೇ ಮನೆಯವರಿಗೆ ಇದೆಲ್ಲ ಒಂದೇ ದಿನದಲ್ಲಿ ಸಿಗುತ್ತದೆ. ಬೆಳಗಿನ ಜಾವ ಸೆಟ್ ಆಫ್ ಆಗುತ್ತೀರಿ, ಏರ್‌ಪೋರ್ಟಿನಲ್ಲಿ ಕಾರಿನವನು ಡ್ರಾಪ್ ಆಫ್ ಮಾಡುತ್ತಾನೆ, ಅಣ್ಣ ಚೆಕ್ ಇನ್ ಮಾಡಲು ಒಳಗೆ ಹೋಗುವ ಮೊದಲು ಸೀ ಆಫ್ ಮಾಡುತ್ತೀರಿ, ವಿಮಾನ ಟೇಕ್ ಆಫ್ ಆಗುತ್ತದೆ, ಎರಡು ವರ್ಷ ಬಿಟ್ಟು ಅವನು ಬಂದಾಗ ಅದೇ ಬಾಗಿಲಲ್ಲಿ ಪಿಕ್ ಅಪ್. ಅಡಿಕೆ ಹೊರುವ ಪಿಕಪ್ ಗಾಡಿಯ ಹೆಸರೂ ಈ ಪಿಕ್ ಅಪ್‌ನಿಂದಲೇ ಬಂದದ್ದು.

ಇನ್ನು ಪುಟ್ ಆಫ್ ಮತ್ತು ಕಾಲ್ ಆಫ್. ಪರೀಕ್ಷೆಯಲ್ಲಿ ಇವೆರಡನ್ನು ಪಕ್ಕಪಕ್ಕ ಕೊಟ್ಟು ಸಿಕ್ಕಿಸುತ್ತಾರೆ. ತೋಟಕ್ಕೆ ಮದ್ದು ಬಿಡಲು ಜನ ಬಂದಿದ್ದಾರೆ, ಬೋರ್ಡೋ ದ್ರಾವಣ ಕಲಸುವಷ್ಟರಲ್ಲಿ ಮೋಡ ಕಟ್ಟಿತು, ಇವತ್ತು ಬೇಡ ಬುಧವಾರ ನೋಡೋಣ ಅಂದಿರಿ. ಇದು ಪುಟ್ ಆಫ್. ಕೆಲಸ ಇನ್ನೂ ಇದೆ, ದಿನ ಮಾತ್ರ ಮುಂದೆ ಹೋಯಿತು. ಗದ್ದೆಯಲ್ಲಿ ಯಕ್ಷಗಾನದ ಆಟ ಇಟ್ಟಿದ್ದರು, ಸಂಜೆಯ ಮಳೆಗೆ ರಂಗಸ್ಥಳವೇ ಕೆಸರಾಯಿತು, ಈ ವರ್ಷ ಇನ್ನು ಆಟ ಇಲ್ಲ ಅಂತ ಮೈಕಿನಲ್ಲಿ ಹೇಳಿದರು. ಇದು ಕಾಲ್ ಆಫ್. ಮೊದಲನೆಯದು ಪೋಸ್ಟ್‌ಪೋನ್, ಎರಡನೆಯದು ಕ್ಯಾನ್ಸಲ್. "ಅಂಟಿಲ್ ವೆನ್ಸ್‌ಡೇ" ಥರದ ದಿನದ ಸುಳಿವು ವಾಕ್ಯದಲ್ಲಿದ್ದರೆ ಉತ್ತರ ಪುಟ್ ಆಫ್, ಯೋಚನೆ ಬೇಡ.

ಗೋ ಆಫ್ ಅಂತೂ ಒಂದು ವಿಚಿತ್ರ ಪ್ರಾಣಿ. ಲೈಟು ಗೋ ಆಫ್ ಆದರೆ ಆರಿತು. ಅಲಾರಾಂ ಗೋ ಆಫ್ ಆದರೆ ಹೊಡೆದುಕೊಂಡಿತು. ಹಾಲು ಗೋ ಆಫ್ ಆದರೆ ಹಾಳಾಯಿತು. ಕುಂಬಳೆ ಜಾತ್ರೆಯ ಬೆಡಿಗೆ, ಅಂದರೆ ಸಿಡಿಮದ್ದಿಗೆ, ಹೋದಾಗ ಗರ್ನಾಲು ಗೋ ಆಫ್ ಆದರೆ ಢಮಾರ್ ಅಂತ ಸಿಡಿಯಿತು. ಒಂದು ಕಡೆ ನಿಂತುಹೋಗುವುದು, ಇನ್ನೊಂದು ಕಡೆ ಒಮ್ಮೆಲೇ ಶುರುವಾಗುವುದು, ತೀರಾ ಉಲ್ಟಾ ಅಲ್ವಾ? ಗರ್ನಾಲು, ಅಲಾರಾಂ, ಬಂದೂಕು ಇವು ಹಿಡಿದಿಟ್ಟದ್ದು ಬಿಟ್ಟುಹೋದ ಹಾಗೆ ಸದ್ದು ಮಾಡುತ್ತವೆ ಅಂತ ನಾನು ನೆನಪಿಟ್ಟುಕೊಳ್ಳುತ್ತೇನೆ, ವ್ಯಾಕರಣದವರು ಒಪ್ಪಲಿ ಬಿಡಲಿ. "ದ ಅಲಾರಾಂ ವೆಂಟ್ ಆಫ್ ಅಟ್ ಫೈವ್" ಅಂತ ಓದಿ ಅಲಾರಾಂ ಕೆಟ್ಟುಹೋಯಿತು ಅಂತ ಅರ್ಥ ಮಾಡಿಕೊಳ್ಳುವವರು ಬಹಳ. ಯಾವುದು ಗೋ ಆಫ್ ಆಯಿತು ಅಂತ ನೋಡದೆ ಅರ್ಥ ಹೇಳಲು ಹೋಗಬೇಡಿ.

ಇಟ್ ಎಲ್ಲಿ ಕೂರಬೇಕು?

ಅರ್ಥ ಗೊತ್ತಿದ್ದೂ ತಪ್ಪುವುದು ಇಲ್ಲಿ. "ಟರ್ನ್ ಆಫ್ ದ ಫ್ಯಾನ್" ಸರಿ. "ಟರ್ನ್ ದ ಫ್ಯಾನ್ ಆಫ್" ಕೂಡ ಸರಿ. ಫ್ಯಾನ್ ತೆಗೆದು ಇಟ್ ಹಾಕಿದರೆ ಮಾತ್ರ ಒಂದೇ ದಾರಿ: "ಟರ್ನ್ ಇಟ್ ಆಫ್." "ಟರ್ನ್ ಆಫ್ ಇಟ್" ಅಂತ ಇಲ್ಲವೇ ಇಲ್ಲ. ಇಟ್, ದೆಮ್, ಹಿಮ್, ಹರ್, ಮಿ, ಇವು ಬಂದರೆ ನಡುವೆಯೇ ಕೂರಬೇಕು. ಪಿಕ್ ಹಿಮ್ ಅಪ್, ಪುಟ್ ಇಟ್ ಆಫ್, ಫಿಲ್ ಇಟ್ ಇನ್, ಥ್ರೋ ದೆಮ್ ಅವೇ. ವಸ್ತುವಿನ ಹೆಸರು ಉದ್ದವಾದರೆ ಅದನ್ನು ಹಿಂದಕ್ಕೆ ತಳ್ಳುವುದು ಒಳ್ಳೆಯದು, ಇಲ್ಲದಿದ್ದರೆ ಟರ್ನ್‌ಗೂ ಆಫ್‌ಗೂ ನಡುವೆ ಅರ್ಧ ಮೈಲು ದೂರವಾಗಿ ಕೇಳುವವರಿಗೆ ದಾರಿ ತಪ್ಪುತ್ತದೆ.

ಎಲ್ಲ ಜೋಡಿಗಳೂ ಹೀಗೆ ಬಿಡಿಸಿಕೊಳ್ಳುವುದಿಲ್ಲ. ಲುಕ್ ಆಫ್ಟರ್, ಲುಕ್ ಫಾರ್, ಲುಕ್ ಇಂಟು, ರನ್ ಇಂಟು, ಕಮ್ ಅಕ್ರಾಸ್, ಗೆಟ್ ಓವರ್ ಇವು ಗಂಟು ಬಿಡುವುದಿಲ್ಲ. "ಲುಕ್ ಆಫ್ಟರ್ ಹರ್" ಅಷ್ಟೇ, "ಲುಕ್ ಹರ್ ಆಫ್ಟರ್" ಆಗದು. ಆಫ್ಟರ್, ಫಾರ್, ಇಂಟು, ಅಕ್ರಾಸ್ ಬಂದರೆ ಬೇರ್ಪಡಿಸಬೇಡಿ, ಅಪ್, ಡೌನ್, ಆಫ್, ಔಟ್, ಅವೇ, ಬ್ಯಾಕ್ ಬಂದರೆ ಹೆಚ್ಚಾಗಿ ಬೇರ್ಪಡಿಸಬಹುದು. ಗೆಟ್ ಆನ್ ದ ಬಸ್, ಗೆಟ್ ಆಫ್ ದ ಬಸ್ ಥರದವು ಇದಕ್ಕೆ ಹೊರತು, ಆದರೂ ಬಹುಪಾಲು ಇದು ನಡೆಯುತ್ತದೆ.

ಮೂರು ಪದದವೂ ಗಟ್ಟಿ ಗಂಟೇ. ಪುಟ್ ಅಪ್ ವಿದ್ ಅಂದರೆ ಸಹಿಸಿಕೊಳ್ಳುವುದು, ಕಮ್ ಅಪ್ ವಿದ್ ಅಂದರೆ ಉಪಾಯ ಹೊಳೆಯುವುದು, ಲುಕ್ ಅಪ್ ಟು ಅಂದರೆ ಗೌರವದಿಂದ ನೋಡುವುದು, ಲುಕ್ ಡೌನ್ ಆನ್ ಅಂದರೆ ಕೀಳಾಗಿ ಕಾಣುವುದು, ಗೆಟ್ ಅವೇ ವಿದ್ ಅಂದರೆ ತಪ್ಪು ಮಾಡಿಯೂ ಸಿಕ್ಕಿಬೀಳದೆ ತಪ್ಪಿಸಿಕೊಳ್ಳುವುದು. ಇವುಗಳಲ್ಲಿ ಲುಕ್ ಫಾರ್ವರ್ಡ್ ಟು ಒಂದನ್ನು ಚೆನ್ನಾಗಿ ತಿಕ್ಕಿ ಕಲಿಯಿರಿ. ಇಂಟರ್‌ವ್ಯೂಗೆ ಕರೆದ ಕಂಪನಿಗೆ ಮೇಲ್ ಹಾಕುವಾಗ ಕೊನೆಯ ಸಾಲು ಇದೇ ಇರುತ್ತದೆ, ಅಲ್ಲೇ "ಲುಕಿಂಗ್ ಫಾರ್ವರ್ಡ್ ಟು ಮೀಟ್ ಯು" ಅಂತ ಬರೆದು ಕಳಿಸುತ್ತಾರೆ. ಸರಿಯಾದದ್ದು "ಟು ಮೀಟಿಂಗ್ ಯು." ಇಲ್ಲಿನ ಟು ಕ್ರಿಯಾಪದದ ಮುಂದೆ ಬರುವ ಟು ಅಲ್ಲ, ಹೆಸರಿನ ಮುಂದೆ ಬರುವ ಟು. ಅನುಮಾನ ಬಂದರೆ ಅಲ್ಲಿ ಇಟ್ ಹಾಕಿ ನೋಡಿ. "ಲುಕಿಂಗ್ ಫಾರ್ವರ್ಡ್ ಟು ಇಟ್" ಅಂತ ಸರಾಗವಾಗಿ ಬರುತ್ತದೆ. ಇಟ್ ಕೂರುವ ಜಾಗದಲ್ಲಿ ಐಎನ್‌ಜಿ ಕೂರುತ್ತದೆ.

ಒಂದು ಫೋನ್ ಕರೆ

ಮಂಜೇಶ್ವರದಿಂದ, ಉಪ್ಪಳದಿಂದ ದಿನಾ ರೈಲು ಹತ್ತಿ ಮಂಗಳೂರಿನ ಆಫೀಸುಗಳಿಗೆ ಹೋಗುವ ಹುಡುಗ ಹುಡುಗಿಯರಿದ್ದಾರೆ. ಅವರಲ್ಲಿ ಫೋನ್ ಎತ್ತುವ ಕೆಲಸದವರಿಗೆ ಫ್ರೇಸಲ್ ವರ್ಬ್ ಇಲ್ಲದೆ ಒಂದು ನಿಮಿಷ ನಡೆಯುವುದಿಲ್ಲ. ಎರಡೂ ಕಡೆಯವರ ಮಾತು ಹೀಗೆ ನಡೆಯುತ್ತದೆ ಅಂತಿಟ್ಟುಕೊಳ್ಳಿ:

"ಕುಡ್ ಯು ಪುಟ್ ಮಿ ಥ್ರೂ ಟು ಅಕೌಂಟ್ಸ್, ಪ್ಲೀಸ್?"

"ಶೂರ್, ಹೋಲ್ಡ್ ಆನ್ ಎ ಮೊಮೆಂಟ್."

"ಸಾರಿ, ಯು ಆರ್ ಬ್ರೇಕಿಂಗ್ ಅಪ್. ಕುಡ್ ಯು ಸ್ಪೀಕ್ ಅಪ್?"

"ಐ ಥಿಂಕ್ ವಿ ಗಾಟ್ ಕಟ್ ಆಫ್. ಐ ಟ್ರೈಡ್ ಟು ಕಾಲ್ ಯು ಬ್ಯಾಕ್, ಬಟ್ ಐ ಕುಡಂಟ್ ಗೆಟ್ ಥ್ರೂ."

"ಓಕೆ, ಡೋಂಟ್ ಹ್ಯಾಂಗ್ ಅಪ್ ದಿಸ್ ಟೈಮ್."

ಪುಟ್ ಥ್ರೂ ಅಂದರೆ ಲೈನ್ ಕೊಡುವುದು. ನಡುವಿನ ಮಿ ನೋಡಿದಿರಾ, ಹೇಳಿದ ಜಾಗದಲ್ಲೇ ಕೂತಿದೆ. ಹೋಲ್ಡ್ ಆನ್ ಅಂದರೆ ಸ್ವಲ್ಪ ತಡೆಯಿರಿ. ಬ್ರೇಕಿಂಗ್ ಅಪ್ ಕೇಳಿ ಗಾಬರಿ ಬೇಡ, ಇಲ್ಲಿ ಪ್ರೀತಿ ಮುರಿದದ್ದಲ್ಲ, ನಿಮ್ಮ ಧ್ವನಿ ತುಂಡು ತುಂಡಾಗಿ ಕೇಳುತ್ತಿದೆ ಅಂತ. ಗುಡ್ಡದ ಕೆಳಗಿನ ಮನೆಯಿಂದ ಫೋನ್ ಮಾಡುವ ನಮ್ಮವರಿಗೆ ಇದು ನಿತ್ಯ ಬೇಕಾಗುವ ಮಾತು. ಕಟ್ ಆಫ್ ಅಂದರೆ ನಡುವೆ ಕಟ್ಟಾಗುವುದು, ಯಾರೂ ಬೇಕೆಂದು ಇಟ್ಟದ್ದಲ್ಲ. ಬೇಕೆಂದೇ ಇಟ್ಟರೆ ಅದು ಹ್ಯಾಂಗ್ ಅಪ್. ಹಳೇ ಫೋನುಗಳು ಗೋಡೆಯಲ್ಲಿದ್ದಾಗ ರಿಸೀವರನ್ನು ಕೊಕ್ಕೆಗೆ ತೂಗುಹಾಕುತ್ತಿದ್ದರು, ಕೊಕ್ಕೆ ಹೋಯಿತು ಮಾತು ಉಳಿಯಿತು. ಗೆಟ್ ಥ್ರೂ ಅಂದರೆ ಲೈನ್ ಸಿಗುವುದು.

ಇದನ್ನು ಜೋರಾಗಿ ಓದಿ ನೋಡಿ. ಒತ್ತು ಬಾಲದ ಮೇಲೆ ಬೀಳಬೇಕು: ಹ್ಯಾಂಗ್ ಅಪ್ ಅನ್ನುವಾಗ ಅಪ್ ಎದ್ದು ಕೇಳಬೇಕು. ಹೆಸರಾದಾಗ ಉಲ್ಟಾ, ಬ್ರೇಕ್‌ಡೌನ್, ಚೆಕಪ್, ಬ್ಯಾಕಪ್ ಅನ್ನುವಾಗ ಒತ್ತು ಮೊದಲ ಭಾಗಕ್ಕೆ. ಬರೆಯುವಾಗಲೂ ವ್ಯತ್ಯಾಸ ಇದೆ, ಕೆಲಸ ಮಾಡುವಾಗ ಲಾಗ್ ಇನ್ ಎರಡು ಪದ, ಹೆಸರಾದಾಗ ಲಾಗಿನ್ ಒಂದೇ ಪದ.

ನಮ್ಮ ಕಡೆಯ ಇಂಗ್ಲಿಷಿನ ಗುಂಡಿಗಳು

ಲೈಟ್ ಆಫ್ ಮಾಡು, ಫ್ಯಾನ್ ಆನ್ ಮಾಡು ಅಂತ ನಾವು ಕನ್ನಡದಲ್ಲಿ ಹೇಳುವುದು ತಪ್ಪಲ್ಲ, ಅದು ಈಗ ಕನ್ನಡವೇ. ಅದನ್ನೇ ಇಂಗ್ಲಿಷಿಗೆ ತಂದು "ಆಫ್ ದ ಲೈಟ್" ಅಂದರೆ ಕ್ರಿಯಾಪದವೇ ಮಾಯ. ಟರ್ನ್ ಅಥವಾ ಸ್ವಿಚ್ ಸೇರಿಸಲೇಬೇಕು. ಬಾಗಿಲಿಗೆ ಇದನ್ನು ತಾಗಿಸಬೇಡಿ. ಬಾಗಿಲು ಓಪನ್, ಕ್ಲೋಸ್ ಅಷ್ಟೇ.

"ಐ ಪಾಸ್ಡ್ ಔಟ್ ಇನ್ 2019" ಅಂತ ಬಯೋಡೇಟಾದಲ್ಲಿ ಬರೆಯುವವರು ಎಷ್ಟೋ ಮಂದಿ. ಭಾರತದಲ್ಲಿ ಎಲ್ಲರಿಗೂ ಇದು ಡಿಗ್ರಿ ಮುಗಿಸಿದೆ ಅಂತಲೇ ಅರ್ಥವಾಗುತ್ತದೆ, ಸೇನೆಯ ತರಬೇತಿ ಮುಗಿದಾಗ ಮಾಡುವ ಪಾಸಿಂಗ್ ಔಟ್ ಪರೇಡಿನಲ್ಲೂ ಇದೇ ಅರ್ಥ. ಆದರೆ ಅಮೆರಿಕದವರು ಇದನ್ನು ಓದಿದರೆ ನೀವು 2019ರಲ್ಲಿ ತಲೆ ತಿರುಗಿ ಬಿದ್ದಿರಿ ಅಂದುಕೊಳ್ಳುತ್ತಾರೆ. ಹೊರದೇಶದ ಕೆಲಸಕ್ಕೆ ಅರ್ಜಿ ಹಾಕುವುದಾದರೆ ಗ್ರಾಜುಯೇಟೆಡ್ ಅಂತ ಬರೆಯಿರಿ, ಗೋಜೇ ಬೇಡ. "ವೇರ್ ಆರ್ ಯು ಪುಟ್ ಅಪ್?" ಅಂತ ಉಳಿದುಕೊಂಡ ಜಾಗ ಕೇಳುವುದೂ ನಮ್ಮ ದೇಶದ ರೂಢಿ. ಹೊರಗೆ "ವೇರ್ ಆರ್ ಯು ಸ್ಟೇಯಿಂಗ್?" ಸಾಕು. ಕೋಪ್ ಅಪ್ ವಿದ್ ಅಂತ ಇಲ್ಲ, ಕೋಪ್ ವಿದ್ ಮಾತ್ರ. ರಿಟರ್ನ್ ಬ್ಯಾಕ್ ಕೂಡ ಬೇಡ, ರಿಟರ್ನ್‌ನಲ್ಲೇ ಬ್ಯಾಕ್ ಇದೆ.

ಹತ್ತುವುದು ಇಳಿಯುವುದು ನಮಗೆ ಎಲ್ಲ ಗಾಡಿಗೂ ಒಂದೇ. ಇಂಗ್ಲಿಷಿನಲ್ಲಿ ಬಸ್ಸು, ರೈಲು, ವಿಮಾನ, ಬೈಕಿಗೆ ಗೆಟ್ ಆನ್, ಗೆಟ್ ಆಫ್. ಕಾರು, ಆಟೋರಿಕ್ಷಾಕ್ಕೆ ಗೆಟ್ ಇನ್, ಗೆಟ್ ಔಟ್ ಆಫ್. ಗೆಟ್ ಔಟ್ ಅಂತ ಒಂದೇ ಸಲ ಕೂಗಿದರೆ ಬೈದ ಹಾಗಾಗುತ್ತದೆ, ಅದು ಬೇರೆ ಮಾತು.

ಒಂದು ಜೋಡಿ ಮಾತ್ರ ಕಾಸರಗೋಡಿನವರಿಗೆಂದೇ ಮಾಡಿದ ಹಾಗಿದೆ. ಕ್ಲಾಸಿಗೆ ಹೋಗದೆ, ಪುಸ್ತಕ ಮುಟ್ಟದೆ, ಜನರ ಜೊತೆ ಇದ್ದೇ ಭಾಷೆ ಕಲಿತರೆ ಅದಕ್ಕೆ ಪಿಕ್ ಅಪ್. "ಐ ಪಿಕ್ಡ್ ಅಪ್ ಮಲಯಾಳಂ ಫ್ರಮ್ ಮೈ ಫ್ರೆಂಡ್ಸ್." ಅದರಲ್ಲಿ ಪಂಡಿತರಲ್ಲ, ಆದರೆ ವಿಲೇಜ್ ಆಫೀಸಿನಲ್ಲಿ, ಅಂಗಡಿಯಲ್ಲಿ ಕೆಲಸ ನಡೆಸಿಕೊಳ್ಳುವಷ್ಟು ಬರುತ್ತದೆ ಅಂದರೆ "ಐ ಕ್ಯಾನ್ ಗೆಟ್ ಬೈ ಇನ್ ಮಲಯಾಳಂ." ಇಂಟರ್‌ವ್ಯೂನಲ್ಲಿ ನಿಮಗೆ ಯಾವ ಭಾಷೆಗಳು ಬರುತ್ತವೆ ಅಂತ ಕೇಳಿದಾಗ ಲಿಟಲ್ ಲಿಟಲ್ ಅನ್ನುವ ಬದಲು ಈ ಎರಡು ವಾಕ್ಯ ಹೇಳಿ ನೋಡಿ.

ಎಲ್ಲಿ ಹೇಳಬೇಕು, ಎಲ್ಲಿ ಬೇಡ

ಫ್ರೇಸಲ್ ವರ್ಬ್ ಅಂದರೆ ಬರೀ ಆಡುಮಾತು, ಬರವಣಿಗೆಗೆ ಬಾರದು ಅಂತ ಕೆಲವು ಮಾಷ್ಟ್ರುಗಳು ಹೇಳಿಕೊಡುತ್ತಾರೆ. ಅದು ಪೂರ್ತಿ ನಿಜವಲ್ಲ. "ವಿ ವಿಲ್ ಲುಕ್ ಇಂಟು ದ ಮ್ಯಾಟರ್" ಅಂತ ದೊಡ್ಡ ದೊಡ್ಡ ಆಫೀಸಿನ ಪತ್ರಗಳಲ್ಲೇ ಬರುತ್ತದೆ, ಕ್ಯಾರಿ ಔಟ್, ಸೆಟ್ ಅಪ್ ಕೂಡ ಹಾಗೆಯೇ. ಆದರೆ ಅರ್ಜಿ, ದೂರು, ಕೋರ್ಟು ಕಾಗದದಲ್ಲಿ ಪುಟ್ ಅಪ್ ವಿದ್ ಬದಲು ಟಾಲರೇಟ್, ಟರ್ನ್ ಡೌನ್ ಬದಲು ರಿಜೆಕ್ಟ್, ಹ್ಯಾಂಡ್ ಇನ್ ಬದಲು ಸಬ್‌ಮಿಟ್ ಗಟ್ಟಿಯಾಗಿ ಕೂರುತ್ತದೆ. ಮಾತಿನಲ್ಲಿ ಮಾತ್ರ ತಿರುಗಿಸಿ. ಗೆಳೆಯನಿಗೆ "ಐ ಎಕ್ಸ್‌ಟಿಂಗ್ವಿಶ್ಡ್ ದ ಫೈರ್" ಅಂದರೆ ಪಾಠ ಒಪ್ಪಿಸಿದ ಹಾಗಿರುತ್ತದೆ. ಪುಟ್ ಔಟ್ ಅನ್ನಿ.

ಫಾರ್ಮ್ ತುಂಬುವುದಕ್ಕೆ ಫಿಲ್ ಇನ್, ಫಿಲ್ ಔಟ್ ಎರಡೂ ನಡೆಯುತ್ತದೆ. ಫಿಲ್ ಅಪ್ ನಮ್ಮ ಕಡೆ ಜಾಸ್ತಿ. ಆನ್‌ಲೈನ್ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರದಲ್ಲಿ ಯಾವುದನ್ನು ಹೇಳಿದರೂ ಕೆಲಸ ಆಗುತ್ತದೆ. ಕೊಡಪಾನಕ್ಕೆ, ಪೆಟ್ರೋಲ್ ಟ್ಯಾಂಕಿಗೆ ಮಾತ್ರ ಫಿಲ್ ಅಪ್ಪೇ.

ದಿನಾ ಮಾಡುವುದು ಏನು

ಒಂದು ನೋಟ್‌ಬುಕ್ಕು ತೆಗೆದುಕೊಳ್ಳಿ, ಒಂದೊಂದು ಬಾಲಕ್ಕೆ ಒಂದೊಂದು ಪುಟ. ಗೆಟ್, ಪುಟ್ ಅಂತ ಪುಟ ಮಾಡಬೇಡಿ. ಹೊಸ ಜೋಡಿ ಎಲ್ಲಿಯಾದರೂ ಸಿಕ್ಕಿದಾಗ ಅದರ ಬಾಲದ ಪುಟ ತೆರೆದು, ಅರ್ಥ ಬರೆಯುವ ಬದಲು ನಿಮ್ಮ ಮನೆಯ ಒಂದು ವಾಕ್ಯ ಬರೆಯಿರಿ. ಔಟ್‌ನ ಪುಟದಲ್ಲಿ "ವಿ ರ‍್ಯಾನ್ ಔಟ್ ಆಫ್ ಗ್ಯಾಸ್ ಆನ್ ವಿಷು", ಆಫ್‌ನ ಪುಟದಲ್ಲಿ "ಫಾದರ್ ಪುಟ್ ಆಫ್ ದ ಸ್ಪ್ರೇಯಿಂಗ್ ಬಿಕಾಸ್ ಆಫ್ ರೇನ್." ಪುಸ್ತಕದ ಉದಾಹರಣೆಯಲ್ಲಿ ಬರುವ ಜಾನ್ ಮತ್ತು ಮೇರಿಗೆ ಏನಾಯಿತು ಅಂತ ನಿಮಗೆ ನೆನಪಿರುವುದಿಲ್ಲ, ವಿಷುವಿನ ದಿನ ಗ್ಯಾಸ್ ಮುಗಿದದ್ದು ನೆನಪಿರುತ್ತದೆ.

ಪ್ರತಿ ವಾಕ್ಯದ ಕೆಳಗೆ ಅದನ್ನೇ ಇಟ್, ದೆಮ್, ಹಿಮ್ ಹಾಕಿ ಇನ್ನೊಮ್ಮೆ ಬರೆಯಿರಿ. "ಫಾದರ್ ಪುಟ್ ಇಟ್ ಆಫ್." ಜೋಡಿ ಬಿಡಿಸಿಕೊಳ್ಳುತ್ತದೋ ಇಲ್ಲವೋ ಅಂತ ಇದರಲ್ಲೇ ಗೊತ್ತಾಗುತ್ತದೆ, ಅನುಮಾನ ಬಂದರೆ ನಿಘಂಟು ನೋಡಿ. ಕಲಿಯುವವರಿಗಾಗಿ ಮಾಡಿದ ನಿಘಂಟುಗಳಲ್ಲಿ ಕ್ರಿಯಾಪದದ ಕೊನೆಗೆ ಫ್ರೇಸಲ್ ವರ್ಬ್‌ಗಳನ್ನು ಬೇರೆಯಾಗಿ ಕೊಟ್ಟಿರುತ್ತಾರೆ. ಸಮ್‌ಥಿಂಗ್ ಎನ್ನುವುದು ನಡುವೆ ಇದೆಯೋ ಕೊನೆಗಿದೆಯೋ ನೋಡಿದರೆ ಸಾಕು, "ಪುಟ್ ಸಮ್‌ಥಿಂಗ್ ಆಫ್" ಅಂತಿದ್ದರೆ ಬಿಡಿಸಬಹುದು, "ಲುಕ್ ಆಫ್ಟರ್ ಸಮ್‌ವನ್" ಅಂತಿದ್ದರೆ ಬಿಡಿಸಲಾಗದು.

ಪಿಎಸ್‌ಸಿಗೆ ಓದುವವರು ಹಳೇ ಪ್ರಶ್ನೆಪತ್ರಿಕೆ ಬಿಡಿಸುವಾಗ ನಾಲ್ಕು ಆಯ್ಕೆಗಳನ್ನು ಮೊದಲು ಓದಬೇಡಿ, ಕೈಯಿಂದ ಮುಚ್ಚಿಡಿ. ಬಿಟ್ಟ ಜಾಗದ ಅರ್ಥ ಕನ್ನಡದಲ್ಲಿ ಏನಿರಬೇಕು ಅಂತ ಯೋಚಿಸಿ. ಮುಂದೆ ಹಾಕಿದ್ದೋ, ರದ್ದು ಮಾಡಿದ್ದೋ, ಆರಿಸಿದ್ದೋ, ಸಹಿಸಿದ್ದೋ. ಆಮೇಲೆ ಕೈ ತೆಗೆದು ಆಯ್ಕೆ ನೋಡಿ. ಪುಟ್ ಆಫ್, ಪುಟ್ ಔಟ್, ಪುಟ್ ಆನ್, ಪುಟ್ ಅಪ್ ವಿದ್ ಅಂತ ನಾಲ್ಕೂ ಒಂದೇ ಮುಖ ಹೊತ್ತು ನಿಂತಿರುತ್ತವೆ, ಮುಂಚೆಯೇ ಓದಿದರೆ ನಾಲ್ಕೂ ಸರಿ ಅನ್ನಿಸುತ್ತದೆ. ಎರಡಕ್ಕೆ ಇಳಿಸಲೂ ಆಗದಿದ್ದರೆ ಆ ಪ್ರಶ್ನೆ ಬಿಟ್ಟು ಮುಂದೆ ಹೋಗಿ.